ಜೋಳಿಗೆಗೆ ಬಿದ್ದ ನಿದ್ದೆಯ ಮಾತ್ರೆ

ಕಳೆದ ಶ್ರಾವಣದ ಪಾದಯಾತ್ರೆಯ ಐದನೆಯ ದಿನ ನಡೆದ ಸಂಗತಿಯೊಂದನ್ನು ಭಕ್ತರ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಪೂಜ್ಯ ಶ್ರೀಗಳು ಎಂದಿನಂತೆ ಜೋಳಿಗೆ ಹಿಡಿದು ಓಣಿಯಲ್ಲಿ ಮನೆಯಿಂದ ಮನೆಗೆ ನಡೆದಿದ್ದರು. ಜೋಳಿಗೆಯಲ್ಲಿ ಅಷ್ಟರಲ್ಲೇ ಗುಟಕಾ ಪಾಕೀಟುಗಳು, ಬೀಡಿ ಕಟ್ಟುಗಳು, ತಂಬಾಕಿನ ಡಬ್ಬಿಗಳು, ಅರ್ಧ ಉಳಿದ ಒಂದು ಮದ್ಯದ ಬಾಟಲಿ ಸೇರಿದ್ದವು. ಒಂದು ಮನೆಯ ಕಟ್ಟೆಯ ಮೇಲೆ ನಿಂತಿದ್ದ ತಾಯಿಯೊಬ್ಬರು ಸೆರಗಿನ ಮರೆಯಿಂದ ಏನನ್ನೋ ತೆಗೆದು ಜೋಳಿಗೆಗೆ ಹಾಕಿ, “ಅಜ್ಜಾರ, ಇದೂ ನನಗ ಚಟಾನ ಆಗೇತ್ರಿ. ಇದನ್ನೂ ತಗೊಂಡು ಹೋಗ್ರಿ” ಎಂದರು.

ಶ್ರೀಗಳು ಕೈಯಿಟ್ಟು ಅದನ್ನು ಹೊರತೆಗೆದರು. ಹತ್ತು ಮಾತ್ರೆಗಳ ಒಂದು ಸ್ಟ್ರಿಪ್, ನಾಲ್ಕು ಉಳಿದಿದ್ದವು. ಸುತ್ತ ನೆರೆದಿದ್ದವರು ಆಗಲೇ ಜಯಘೋಷ ಮಾಡತೊಡಗಿದ್ದರು. ಶ್ರೀಗಳು ಕೈಯೆತ್ತಿ ಅದನ್ನು ನಿಲ್ಲಿಸಿ, ಸ್ಟ್ರಿಪ್ಪನ್ನು ಆ ತಾಯಿಯ ಕೈಗೇ ಮರಳಿ ಕೊಟ್ಟರು. “ಇವತ್ತ ರಾತ್ರಿ ಎಂದಿನಂಗ ತಗೋ ತಂಗಿ. ನಾಳೆ ಮಧ್ಯಾಹ್ನ ಮಠಕ್ಕ ಬಾ” ಎಂದರು. ಜನರಿಗೆ ಗಲಿಬಿಲಿ. ಬಾಟಲಿಯನ್ನು ತೆಗೆದುಕೊಂಡ ಜೋಳಿಗೆ ಮಾತ್ರೆಯನ್ನು ಏಕೆ ಒಲ್ಲೆನೆಂದಿತು? ನನಗೂ ಆ ಕ್ಷಣದಲ್ಲಿ ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ವ್ಯಸನವನ್ನು ಭಿಕ್ಷೆ ಬೇಡುವ ಪರಿಪಾಠ ನಮ್ಮ ಮಠದಲ್ಲಿ ಹುಟ್ಟಿದ್ದಲ್ಲ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯೇ ಅದರ ಮೂಲ. ಕಾಣಿಕೆಯನ್ನು ಬೇಡದೆ ಜನರ ಚಟಗಳನ್ನು ಬೇಡಿದ ಆ ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆ ಜೋಳಿಗೆಯ ಶಕ್ತಿ ಇದ್ದದ್ದು ಅದರ ನಮ್ರತೆಯಲ್ಲಿ. ಕುಡುಕನನ್ನು ಬೈಯಲು ಊರೆಲ್ಲ ಸಿದ್ಧವಿರುತ್ತದೆ. ಅವನ ಮುಂದೆ ನಿಂತು ಕೈಚಾಚಿ ಬೇಡುವವರು ಯಾರಿದ್ದಾರೆ? ಬೇಡಿಸಿಕೊಂಡವನು ಆ ಕ್ಷಣ ಕೊಡುವವನಾಗುತ್ತಾನೆ, ಮರ್ಯಾದೆಯುಳ್ಳವನಾಗುತ್ತಾನೆ. ಎಷ್ಟೋ ಮನೆಗಳಲ್ಲಿ ಒಲೆ ಮತ್ತೆ ಹೊತ್ತಿದ್ದು ಹೀಗೆ.

ಆದರೆ ಆ ತಾಯಿಯ ಸ್ಟ್ರಿಪ್ ನಮ್ಮ ಮುಂದೆ ಇಟ್ಟ ಪ್ರಶ್ನೆ ಬೇರೆ ಬಗೆಯದು. ಮರುದಿನ ಮಠಕ್ಕೆ ಬಂದ ಭಕ್ತವೈದ್ಯರೊಬ್ಬರು ಅದನ್ನು ನೋಡಿ ಅಲ್ಪ್ರಾಜೋಲಂ ಎಂದರು. ಆತಂಕಕ್ಕೂ ನಿದ್ರಾಹೀನತೆಗೂ ಕೊಡುವ ಈ ಜಾತಿಯ ಔಷಧಿಗಳು ಮಿದುಳಿನಲ್ಲಿ ಸ್ವಾಭಾವಿಕವಾಗಿಯೇ ಇರುವ ಶಮನದ ಸಂಕೇತವನ್ನು ಹೆಚ್ಚಿಸುತ್ತವೆ. ಕೆಲವು ದಿನಗಳ ಮಟ್ಟಿಗೆ ಅದು ನಿಜವಾದ ಉಪಕಾರ. ಎರಡರಿಂದ ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ನೀಡಬಾರದೆಂಬುದು ವೈದ್ಯಲೋಕದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಎಚ್ಚರಿಕೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮಿದುಳು ಹೊರಗಿನಿಂದ ಬರುವ ಶಮನಕ್ಕೆ ಒಗ್ಗಿಕೊಂಡು ತನ್ನದನ್ನು ಕುಗ್ಗಿಸಿಕೊಳ್ಳುತ್ತದೆ. ಆಗ ಒಮ್ಮೆಲೇ ನಿಲ್ಲಿಸಿದರೆ ತಡೆಯಿಲ್ಲದ ಉದ್ರೇಕ: ಮೊದಲಿಗಿಂತ ಹೆಚ್ಚಿನ ಆತಂಕ, ನಿದ್ದೆಯೇ ಇಲ್ಲದ ರಾತ್ರಿಗಳು, ಕೈಕಾಲು ನಡುಕ, ಕೆಲವರಿಗೆ ಫಿಟ್ಸ್. ಶ್ರೀಗಳು ಸ್ಟ್ರಿಪ್ಪನ್ನು ಮರಳಿ ಕೊಟ್ಟಿದ್ದು ಇದಕ್ಕಾಗಿಯೇ.

ಶ್ರೀಗಳಿಗೆ ಇದು ಹೇಗೆ ತಿಳಿದಿತ್ತು ಎಂಬುದನ್ನೂ ಹೇಳಬೇಕು, ಏಕೆಂದರೆ ಅದು ನಮ್ಮ ತಪ್ಪಿನಿಂದ ಕಲಿತದ್ದು. ಕೆಲವು ವರ್ಷಗಳ ಹಿಂದೆ ಹಲವು ವರ್ಷಗಳಿಂದ ದಿನವೂ ಕುಡಿಯುತ್ತಿದ್ದ ಹಿರಿಯರೊಬ್ಬರು ಜೋಳಿಗೆಗೆ ಬಾಟಲಿ ಹಾಕಿ, ಲಿಂಗ ಮುಟ್ಟಿ ಪ್ರಮಾಣ ಮಾಡಿ, ಅಂದಿನಿಂದಲೇ ಬಿಟ್ಟರು. ಮೂರನೆಯ ದಿನ ಅವರಿಗೆ ಫಿಟ್ಸ್ ಬಂತು. ಇಲ್ಲದ ಮನುಷ್ಯರನ್ನು ಕಂಡಂತೆ ಮಾತನಾಡತೊಡಗಿದರು. ಜಿಲ್ಲಾಸ್ಪತ್ರೆಗೆ ಸಾಗಿಸಿದ್ದರಿಂದ ಬದುಕಿದರು. ಬಹುಕಾಲದ ಮದ್ಯವನ್ನು ದಿಢೀರನೆ ಬಿಟ್ಟಾಗ ಹೀಗಾಗುವುದುಂಟು, ಮೊದಲ ವಾರ ವೈದ್ಯರ ಕಣ್ಣಳತೆಯಲ್ಲಿ ಇರಿಸಬೇಕಿತ್ತು ಎಂದು ಅಲ್ಲಿಯ ವೈದ್ಯರು ಹೇಳಿದಾಗ ನಾವು ತಲೆತಗ್ಗಿಸಿದೆವು. ಪ್ರಮಾಣ ಮಾಡಿಸುವುದು ನಮಗೆ ಗೊತ್ತಿತ್ತು. ಪ್ರಮಾಣದ ನಂತರದ ಮೂರು ರಾತ್ರಿಗಳ ಬಗ್ಗೆ ನಾವು ಯೋಚಿಸಿರಲಿಲ್ಲ.

ಇಂಥ ದೃಶ್ಯಗಳು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2020ರ ಲಾಕ್‌ಡೌನ್ ಹೊತ್ತಿಗೆ. ನೆರೆಯ ತೆಲಂಗಾಣದಲ್ಲಿ ಸೇಂದಿ ಅಂಗಡಿಗಳು ಮುಚ್ಚಿದ ಕೆಲವೇ ದಿನಗಳಲ್ಲಿ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯ ಮುಂದೆ ಸಾಲು ನಿಂತಿತು. ನಡುಗುತ್ತಿದ್ದವರು, ಭ್ರಮೆಗೆ ಒಳಗಾದವರು, ಹಗ್ಗದಲ್ಲಿ ಕಟ್ಟಿ ತಂದವರು. ಈಚಲು ಮರದ ರಸ ಅಷ್ಟು ಮಾಡುವುದಿಲ್ಲ. ಮಾಡಿದ್ದು ಅದರಲ್ಲಿ ಬೆರೆಸುವ ರಾಸಾಯನಿಕ. ನಮ್ಮ ರಾಯಚೂರು ಸೀಮೆಯ ಜನ ‘ಸಿ.ಎಚ್. ಪೌಡರ್’ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಂ, ಮತ್ತು ಆ ತಾಯಿಯ ಸ್ಟ್ರಿಪ್ಪಿನಲ್ಲಿದ್ದ ಅದೇ ಅಲ್ಪ್ರಾಜೋಲಂ. ಹೊಲದಲ್ಲಿ ಬೆನ್ನು ಬಾಗಿಸಿ ದುಡಿದ ಕೂಲಿಕಾರನಿಗೆ ಪ್ಲಾಸ್ಟಿಕ್ ಚೀಲದ ಸೇಂದಿಯಲ್ಲಿ ಸಿಗುವ ವಸ್ತುವೇ ನಡುಮನೆಯ ಗೃಹಿಣಿಗೆ ಬೆಳ್ಳಿಹಾಳೆಯಲ್ಲಿ ಸಿಗುತ್ತದೆ. ಒಬ್ಬನನ್ನು ಕುಡುಕನೆಂದು ಕರೆಯುತ್ತೇವೆ. ಇನ್ನೊಬ್ಬಳನ್ನು ‘ಪಾಪ, ಈಗ ಸುಧಾರಿಸಿದ್ದಾಳೆ’ ಎನ್ನುತ್ತೇವೆ.

ಇದು ಒಂದೆರಡು ಮನೆಗಳ ಮಾತೇ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ತಜ್ಞರು ದೇಶವ್ಯಾಪಿ ಸಮೀಕ್ಷೆ ನಡೆಸಿ 2019ರಲ್ಲಿ ಹೊರತಂದ ವರದಿಯನ್ನು ನೋಡಬೇಕು. 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವವರು ಶೇ. 14.6, ಅಂದರೆ ಸುಮಾರು 16 ಕೋಟಿ. ವೈದ್ಯಕೀಯ ಕಾರಣವಿಲ್ಲದೆ ನಿದ್ರಾಜನಕ, ಶಾಮಕ ಔಷಧಿಗಳನ್ನು ಬಳಸುವವರು 1.18 ಕೋಟಿ. ಎರಡನೆಯ ಸಂಖ್ಯೆಯ ಕುರಿತು ಯಾವ ಮೆರವಣಿಗೆಯೂ ನಡೆಯುವುದಿಲ್ಲ. ಆ ಜನ ಬೀದಿಯಲ್ಲಿ ಬೀಳುವುದಿಲ್ಲ, ಬೈಯುವುದಿಲ್ಲ, ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಇನ್ನೊಂದು ಸಂಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನ ಒಂದಿಲ್ಲೊಂದು ಮಾನಸಿಕ ತೊಂದರೆಯಲ್ಲಿದ್ದರು. ಕಾಯಿಲೆಯ ಬಗೆಯನ್ನು ಅನುಸರಿಸಿ ಅಂಥವರಲ್ಲಿ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ. ಖಿನ್ನತೆಗೆ, ಚಿತ್ತವಿಕಲತೆಗೆ, ಉನ್ಮಾದಕ್ಕೆ ಔಷಧ ಬೇಕೇ ಬೇಕಾದವರು ಗುಡಿ ಸುತ್ತುತ್ತಿದ್ದಾರೆ, ತಾಯಿತ ಕಟ್ಟಿಸಿಕೊಳ್ಳುತ್ತಿದ್ದಾರೆ. ವಿಶ್ರಾಂತಿ ಬೇಕಾದವರು ಮಾತ್ರೆ ನುಂಗುತ್ತಿದ್ದಾರೆ. ಆದ್ದರಿಂದ ಈ ಲೇಖನವನ್ನು ಓದಿ ಮನೋರೋಗದ ಔಷಧಿಗಳೆಲ್ಲ ಕೆಟ್ಟವೆಂದು ಯಾರೂ ತಿಳಿಯಬಾರದು. ಮನೋವೈದ್ಯರು ಬರೆದ ಔಷಧವನ್ನು ‘ಮಠದವರು ಹೇಳಿದರು’ ಎಂದು ಯಾರಾದರೂ ನಿಲ್ಲಿಸಿದರೆ ಅದರ ಪಾಪ ನನಗೆ ಬರುತ್ತದೆ.

ನನ್ನ ಪ್ರಶ್ನೆ ಇಷ್ಟೇ: ಆ ತಾಯಿಯ ಮಾತ್ರೆ ಗುಣಪಡಿಸುತ್ತಿದ್ದುದು ಯಾರ ತೊಂದರೆಯನ್ನು?

ಆಕೆಯ ಒಪ್ಪಿಗೆ ಪಡೆದು, ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬಿಟ್ಟು ಬರೆಯುತ್ತಿದ್ದೇನೆ. ಲಕ್ವ ಹೊಡೆದು ಮಲಗಿರುವ ಮಾವ, ಶಾಲೆಗೆ ಹೋಗುವ ಎರಡು ಮಕ್ಕಳು, ಅಂಗಡಿ ನಡೆಸುವ ಪತಿ, ಸದಾ ನೆಂಟರ ಓಡಾಟವಿರುವ ದೊಡ್ಡ ಮನೆ. ರಾತ್ರಿ ಎರಡು ಸಲ ಎದ್ದು ಮಾವನನ್ನು ಮಗ್ಗುಲು ಬದಲಿಸಬೇಕು, ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕು. ಮೂರು ವರ್ಷಗಳ ಹಿಂದೆ ಆಕೆಯ ಹಡೆದವ್ವ ತೀರಿಕೊಂಡಳು. ತವರಿನಿಂದ ಮರಳಿ ಬಂದವಳು ಕೆಲಸ ಮಾಡುತ್ತ ಮಾಡುತ್ತ ಅಳುತ್ತಿದ್ದಳು. ಹದಿನೈದು ದಿನ ಕಳೆದರೂ ಅಳು ನಿಲ್ಲಲಿಲ್ಲ. ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವೊಂದಿತ್ತು. ಬಂದವರ ಮುಂದೆ ಹಿರಿಯ ಸೊಸೆ ಕಣ್ಣೀರು ಹಾಕುತ್ತಿದ್ದರೆ ಚೆನ್ನಾಗಿರುವುದಿಲ್ಲವೆಂದು ದವಾಖಾನೆಗೆ ಕರೆದೊಯ್ದರು. ಹತ್ತು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ಕೆಲಸ ಮಾಡಿತು. ಆಕೆ ಅಳುವುದನ್ನು ನಿಲ್ಲಿಸಿದಳು. ಹತ್ತು ದಿನ ಮೂರು ವರ್ಷವಾಯಿತು. ತಿಂಗಳ ದಿನಸಿಯ ಚೀಟಿಯಲ್ಲಿ ಸಕ್ಕರೆ, ಚಹಾಪುಡಿ, ಒಳ್ಳೆಣ್ಣೆಗಳ ಕೆಳಗೆ ಮಾತ್ರೆಯ ಹೆಸರನ್ನೂ ಪತಿ ತಾವೇ ಬರೆದುಕೊಂಡು ಹೋಗಿ ತರುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಹೆಂಡತಿಗೆ ಒಳ್ಳೆಯದಾಗಲೆಂದೇ ತರುತ್ತಿದ್ದರು.

ಕಾನೂನಿನ ದೃಷ್ಟಿಯಿಂದ ಹೀಗೆ ತರಲು ಬರುವುದಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಎಚ್1’ ಅನುಸೂಚಿಯಲ್ಲಿ ಅಲ್ಪ್ರಾಜೋಲಂ, ಡಯಾಜೆಪಾಂ, ನೈಟ್ರಾಜೆಪಾಂಗಳು ಸೇರಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ; ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣಗಳನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆದು ಮೂರು ವರ್ಷ ಕಾಪಿಡಬೇಕು. ಆದರೆ ಊರಿನ ಪರಿಚಯದ ಅಂಗಡಿಯಲ್ಲಿ ಹಳೆಯ ಸ್ಟ್ರಿಪ್ಪನ್ನು ತೋರಿಸಿದರೆ ಸಾಕಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸತ್ಯ. ಔಷಧ ಅಂಗಡಿ ನಡೆಸುವ ಭಕ್ತರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರು ಈ ಮಾತನ್ನು ಕೋಪವಿಲ್ಲದೆ ಓದಬೇಕೆಂದು ಕೋರುತ್ತೇನೆ.

ಅಳುವ ಸೊಸೆಯನ್ನು ಸುಮ್ಮನಾಗಿಸುವ ಈ ಉಪಾಯ ನಮ್ಮ ಊರಿನಲ್ಲಿ ಹೊಸದಿರಬಹುದು, ಲೋಕಕ್ಕೆ ಹೊಸದಲ್ಲ. ಅಮೆರಿಕ ಈ ದಾರಿಯಲ್ಲಿ ಎಪ್ಪತ್ತು ವರ್ಷಗಳ ಹಿಂದೆಯೇ ನಡೆದಿದೆ. ಮಹಾಯುದ್ಧ ಮುಗಿದು ಸಂಪತ್ತು ಹೆಚ್ಚಿದ ಕಾಲ. ಅಚ್ಚುಕಟ್ಟಾದ ಬಡಾವಣೆಗಳು, ಒಂದೇ ಮಾದರಿಯ ಮನೆಗಳು, ಎಲ್ಲರೂ ನಗುತ್ತಿರಬೇಕೆಂಬ ಅಲಿಖಿತ ನಿಯಮ. 1955ರಲ್ಲಿ ಮಿಲ್‌ಟೌನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂದಾಗ ಔಷಧ ಅಂಗಡಿಗಳಲ್ಲಿ ದಾಸ್ತಾನು ಮುಗಿದುಹೋಗುತ್ತಿತ್ತು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ. ಎಪ್ಪತ್ತರ ದಶಕದಲ್ಲಿ ಆ ದೇಶದ ವೈದ್ಯರು ಅತಿ ಹೆಚ್ಚು ಬರೆದ ಔಷಧ ವ್ಯಾಲಿಯಂ. ನುಂಗಿದವರಲ್ಲಿ ಪುರುಷರಿಗಿಂತ ಹೆಂಗಸರೇ ಹೆಚ್ಚು. ಅರವತ್ತರ ದಶಕದಲ್ಲಿ ಅಲ್ಲಿಯ ವೈದ್ಯಕೀಯ ಪತ್ರಿಕೆಗಳಲ್ಲಿ ಇದೇ ಜಾತಿಯ ಮಾತ್ರೆಯೊಂದರ ಜಾಹೀರಾತು ಬಂದಿತ್ತು. ಕಸಬರಿಗೆ, ನೆಲ ಒರೆಸುವ ಕೋಲುಗಳೇ ಸೆರೆಮನೆಯ ಸರಳುಗಳಂತೆ ನಿಂತಿವೆ. ಅವುಗಳ ಹಿಂದೆ ಒಬ್ಬ ಗೃಹಿಣಿ. ಆಕೆಯನ್ನು ಬಿಡುಗಡೆ ಮಾಡುವುದು ವೈದ್ಯರಿಗೆ ಸಾಧ್ಯವಿಲ್ಲ, ಆದರೆ ಆಕೆಯ ಆತಂಕವನ್ನು ಕಡಿಮೆ ಮಾಡಬಹುದು ಎಂಬುದು ಒಕ್ಕಣೆಯ ತಾತ್ಪರ್ಯ. ಮಾರುವವರೇ ಇಷ್ಟು ನಿಚ್ಚಳವಾಗಿ ಒಪ್ಪಿಕೊಂಡಿದ್ದರು: ಸರಳುಗಳು ಹಾಗೆಯೇ ಇರುತ್ತವೆ. 1979ರಲ್ಲಿ ಸೆನೆಟರ್ ಎಡ್ವರ್ಡ್ ಕೆನೆಡಿಯವರ ನೇತೃತ್ವದಲ್ಲಿ ಈ ಮಾತ್ರೆಗಳ ಅವಲಂಬನೆಯ ಕುರಿತು ಸಂಸದೀಯ ವಿಚಾರಣೆ ನಡೆಯುವ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು.

ನಮ್ಮ ಆ ತಾಯಿಗೆ ಇದ್ದ ಸರಳುಗಳನ್ನು ನಾನು ಎಣಿಸಬೇಕಿಲ್ಲ. ಅವು ಓದುಗರಿಗೆ ಗೊತ್ತು.

ಹೆಂಗಸರಿಗೆ ಸುಮ್ಮನಿರಲು ಮಾತ್ರೆಯಾದರೆ, ಮಕ್ಕಳಿಗೆ ಎಚ್ಚರವಿರಲು ಮಾತ್ರೆ. ನಮ್ಮ ಪ್ರಸಾದ ನಿಲಯದಲ್ಲಿ ಎರಡು ವರ್ಷಗಳ ಹಿಂದೆ ಪಿಯುಸಿ ವಿದ್ಯಾರ್ಥಿಯೊಬ್ಬನ ಟ್ರಂಕಿನಲ್ಲಿ ನಿದ್ದೆ ಬಾರದಂತೆ ಮಾಡುವ ಮಾತ್ರೆಗಳು ಸಿಕ್ಕವು. ವಾರ್ಡನ್ ಅವನನ್ನು ಕಚೇರಿಗೆ ಕರೆತಂದಾಗ ನಾನು ಗದರಿದೆ. ಹುಡುಗ ಅಳಲಿಲ್ಲ, ಸುಳ್ಳೂ ಹೇಳಲಿಲ್ಲ. “ಕೋಚಿಂಗ್‌ನ್ಯಾಗ ಎಲ್ಲಾರೂ ರಾತ್ರಿ ಎರಡರ ತನಕ ಓದ್ತಾರ್ರೀ ಸರ್. ನಾ ಒಬ್ಬನ ಹನ್ನೊಂದಕ್ಕ ಮಲಗಿದರ ಹಿಂದ ಬೀಳ್ತೀನಿ” ಎಂದ. ನನಗೆ ಉತ್ತರ ಹೊಳೆಯಲಿಲ್ಲ. 2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅವುಗಳಲ್ಲಿ ಬಡವರ ಮಗನಿಗೆ ಶುಲ್ಕ ನಿಲುಕುವ ಸೀಟುಗಳು ಇನ್ನೂ ಕಡಿಮೆ. ಈ ಲೆಕ್ಕವನ್ನು ಹುಡುಗ ನನಗಿಂತ ಚೆನ್ನಾಗಿ ತಿಳಿದಿದ್ದ. ಅವನ ತಂದೆ ಹೊಲ ಒತ್ತೆಯಿಟ್ಟು ಕೋಚಿಂಗ್ ಶುಲ್ಕ ಕಟ್ಟಿದ್ದರು. ಅವನ ಮಾತ್ರೆಯನ್ನು ಕಸಿದುಕೊಳ್ಳುವುದು ಸುಲಭವಾಗಿತ್ತು, ಕಸಿದುಕೊಂಡೆ. ಒತ್ತೆಯ ಪತ್ರವನ್ನು ಕಸಿದುಕೊಳ್ಳಲಾಗಲಿಲ್ಲ.

ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಯುವಜನರು ವಾರಕ್ಕೆ 70 ತಾಸು ದುಡಿಯಬೇಕೆಂದಾಗ ದೇಶದಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮ ವಲಯದ ಕೆಲವು ಹಿರಿಯರು ಅದನ್ನು ಕಾಯಕ ತತ್ವದ ಆಧುನಿಕ ರೂಪವೆಂದು ವೇದಿಕೆಗಳಲ್ಲಿ ಮೆಚ್ಚಿಕೊಂಡರು. ಅವರ ಬಗ್ಗೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನುಲಿ ಹೊಸೆದವರು, ಚಪ್ಪಲಿ ಹೊಲಿದವರು, ದೋಣಿ ನಡೆಸಿದವರು ದುಡಿದರು, ಸಂಜೆ ಅನುಭವ ಗೋಷ್ಠಿಯಲ್ಲಿ ಕುಳಿತರು. ಅಗತ್ಯಕ್ಕಿಂತ ಹೆಚ್ಚು ಗಳಿಸಬಾರದೆಂಬ ಕಟ್ಟುಪಾಡು ಕಾಯಕದೊಳಗೇ ಇತ್ತು. ನಿದ್ದೆಗೆಡಿಸಿಕೊಂಡು, ನಿದ್ದೆ ಬಾರದಿದ್ದರೆ ಮಾತ್ರೆ ನುಂಗಿ, ಎಚ್ಚರವಾಗದಿದ್ದರೆ ಇನ್ನೊಂದು ಮಾತ್ರೆ ನುಂಗಿ ದುಡಿಯುವುದಕ್ಕೆ ಶರಣರ ಹೆಸರನ್ನು ಅಂಟಿಸುವುದು ಸರಿಯಲ್ಲ.

ಮದ್ಯದ ವಿಷಯದಲ್ಲಿಯೂ ಒತ್ತಾಯದ ರೀತಿ ಬದಲಾಗಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ, ಲಿಂಗದೀಕ್ಷೆ ಪಡೆದ ತರುಣನೊಬ್ಬ ಜಾತ್ರೆಗೆ ಬಂದಾಗ ಹೇಳಿದ: “ಯಾರೂ ಬಲವಂತ ಮಾಡೂದಿಲ್ರಿ. ಯಾಕ ಕುಡಿಯೂದಿಲ್ಲ ಅಂತ ಮೂರು ಸಲ ಕೇಳತಾರ, ಅಷ್ಟ. ನಾಲ್ಕನೇ ಸಲ ಕರಿಯೂದಿಲ್ಲ. ಯಾವ ಪ್ರಾಜೆಕ್ಟ್ ಯಾರಿಗೆ ಅನ್ನೂದು ಅಲ್ಲೇ ತೀರ್ಮಾನ ಆಗಿರತೈತಿ.” ಕುಡಿಯುವವನು ಕಾರಣ ಹೇಳಬೇಕಿದ್ದ ಕಾಲ ಹೋಗಿ, ಕುಡಿಯದವನು ಕಾರಣ ಹೇಳಬೇಕಾದ ಕಾಲ ಬಂದಿದೆ. ಇದು ಕೇವಲ ಮಹಾನಗರದ ಕಥೆ ಎನ್ನುವವರು ನಮ್ಮವರದೇ ಕೆಲವು ನಿಶ್ಚಿತಾರ್ಥಗಳ ಹಿಂದಿನ ರಾತ್ರಿಯ ‘ಕಾಕ್‌ಟೇಲ್’ ಏರ್ಪಾಟುಗಳನ್ನು ನೆನಪಿಸಿಕೊಳ್ಳಲಿ. ಬೆಳಿಗ್ಗೆ ಅಲ್ಲಿಗೆ ಆಶೀರ್ವಾದಕ್ಕೆ ಶ್ರೀಗಳನ್ನು ಬಿನ್ನವಿಸಲಾಗುತ್ತದೆ. ಆಹ್ವಾನ ಪತ್ರಿಕೆಗಳನ್ನು ತೆಗೆದಿಡುವವನು ನಾನೇ ಆದ್ದರಿಂದ ಬಲ್ಲೆ. ಇನ್ನು ಸರ್ಕಾರದ ಮಾತು. 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿದ ರಾಜ್ಯ ಇದು. 2025-26ರಲ್ಲಿ ಅಬಕಾರಿಯಿಂದ ಇಟ್ಟುಕೊಂಡಿದ್ದ ಆದಾಯದ ಗುರಿ 40,000 ಕೋಟಿ ರೂಪಾಯಿ. ವ್ಯಸನಮುಕ್ತ ದಿನವನ್ನು ಆಚರಿಸುವುದೂ ಅದೇ ಸರ್ಕಾರ. ಹೆಚ್ಚಿಗೆ ಹೇಳುವ ಅಗತ್ಯವಿಲ್ಲ.

ಇಷ್ಟೆಲ್ಲ ಪರರ ಕಥೆಯಾಯಿತು. ನನ್ನದನ್ನು ಮುಚ್ಚಿಟ್ಟರೆ ಈ ಲೇಖನಕ್ಕೆ ಬೆಲೆಯಿಲ್ಲ. ಕೆಲವು ವರ್ಷಗಳ ಹಿಂದೆ ಜಾತ್ರೆಯ ಸಿದ್ಧತೆ, ಕಟ್ಟಡದ ಲೆಕ್ಕಪತ್ರ, ಮನೆಯಲ್ಲಿ ಒಂದು ಸಾವು ಎಲ್ಲ ಒಟ್ಟಿಗೆ ಬಂದಾಗ ನನಗೆ ನಿದ್ದೆ ಹಾರಿಹೋಯಿತು. ಪರಿಚಿತರೊಬ್ಬರು ಅರ್ಧ ಮಾತ್ರೆ ಕೊಟ್ಟರು. ಮೊದಲ ರಾತ್ರಿಯ ಆ ನಿದ್ದೆಯನ್ನು ನಾನು ಇಂದಿಗೂ ಮರೆತಿಲ್ಲ. ಅರ್ಧ ಒಂದಾಯಿತು, ಒಂದು ವಾರ ಹನ್ನೊಂದು ತಿಂಗಳಾಯಿತು. ಯಾರಿಗೂ ತಿಳಿಯಲಿಲ್ಲ. ತಿಳಿಯುವುದು ಹೇಗೆ? ಆ ಹನ್ನೊಂದು ತಿಂಗಳಲ್ಲಿ ನಾನು ಯಾರೊಂದಿಗೂ ಜಗಳವಾಡಲಿಲ್ಲ, ಸಭೆಗಳಲ್ಲಿ ಧ್ವನಿಯೇರಿಸಲಿಲ್ಲ, ಅಪ್ಪನಂತಿದ್ದ ಅಣ್ಣ ತೀರಿಕೊಂಡರೂ ಒಂದು ದಿನ ಕಚೇರಿ ತಪ್ಪಿಸಲಿಲ್ಲ. ‘ಕಾರ್ಯದರ್ಶಿಗಳು ಎಷ್ಟು ಸಮಾಧಾನಿಗಳು’ ಎಂದು ವಾರ್ಷಿಕ ಸಭೆಯಲ್ಲಿ ಹೊಗಳಿದರು, ಶಾಲು ಹೊದಿಸಿದರು. ನನ್ನ ಒಳಗೆ ಏನೂ ನಡೆಯುತ್ತಿರಲಿಲ್ಲ; ದುಃಖವೂ ಇಲ್ಲ, ಪೂಜೆಯಲ್ಲಿ ಕುಳಿತರೆ ಭಾವವೂ ಇಲ್ಲ. ಅಂಗೈಯಲ್ಲಿ ಲಿಂಗವಿರುತ್ತಿತ್ತು, ಕಣ್ಣು ನೋಡುತ್ತಿತ್ತು, ಅಷ್ಟೇ. ಅದೇ ಒಮ್ಮೆ ಹೆದರಿಕೆ ಹುಟ್ಟಿಸಿ ನನ್ನನ್ನು ವೈದ್ಯರ ಬಳಿಗೆ ಕಳಿಸಿತು. ಕಾಲುಭಾಗ, ಅದರಲ್ಲಿ ಮತ್ತೆ ಕಾಲುಭಾಗ ಎಂದು ಇಳಿಸುತ್ತ ಬಿಡಲು ನಾಲ್ಕು ತಿಂಗಳು ಬೇಕಾದವು. ಬಿಟ್ಟ ಮೇಲೆ ಅಣ್ಣನಿಗಾಗಿ ಅತ್ತೆ, ತೀರಿಕೊಂಡು ಒಂದು ವರ್ಷ ಕಳೆದ ಮೇಲೆ. ಆ ವರ್ಷ ಎರಡು ಸಭೆಗಳಲ್ಲಿ ಜಗಳವನ್ನೂ ಆಡಿದೆ. ಶಾಲು ಯಾರೂ ಹೊದಿಸಲಿಲ್ಲ.

ಹೀಗೆ ನೋಡಿದರೆ ಮಾತ್ರೆ ಬೇಡುವವನು ಅದನ್ನು ನುಂಗುವವನೊಬ್ಬನೇ ಅಲ್ಲ. ಅವನ ಸುತ್ತ ಇರುವ ನಾವೂ ಅದನ್ನು ಬೇಡುತ್ತಿರುತ್ತೇವೆ. ಶೋಕಕ್ಕೆ ಇಂತಿಷ್ಟೇ ದಿನ, ಆಯಾಸಕ್ಕೆ ರಜೆಯಿಲ್ಲ, ಸೋಲಿಗೆ ಜಾಗವಿಲ್ಲ, ಗುಂಪಿನಲ್ಲಿ ಬೇರೆಯಾಗಿ ನಿಂತವನಿಗೆ ಕುರ್ಚಿಯಿಲ್ಲ. ಇಷ್ಟು ಇಕ್ಕಟ್ಟಾದ ಅಚ್ಚಿಗೆ ಮನುಷ್ಯನ ಮನಸ್ಸು ತಾನಾಗಿ ಹೊಂದುವುದಿಲ್ಲ. ಅದನ್ನು ಮೆದುಮಾಡಲು ಏನಾದರೊಂದು ಬೇಕಾಗುತ್ತದೆ. ಚಟ ಬಿಡು ಎಂದು ಒಬ್ಬನಿಗೆ ಹೇಳಿ, ಅಚ್ಚನ್ನು ಹಾಗೆಯೇ ಇಟ್ಟರೆ ಮುಂದಿನ ಶ್ರಾವಣಕ್ಕೆ ಅದೇ ಮನೆಯ ಮುಂದೆ ಮತ್ತೆ ಜೋಳಿಗೆ ಹಿಡಿಯಬೇಕಾಗುತ್ತದೆ.

ಮರುದಿನ ಮಠದಲ್ಲಿ ನಡೆದದ್ದನ್ನು ಈಗ ಹೇಳಬಹುದು. ಆ ತಾಯಿಯ ಜೊತೆ ಪತಿ, ಅತ್ತೆ ಇಬ್ಬರೂ ಬಂದಿದ್ದರು. ವೈದ್ಯರು ಪ್ರಮಾಣ ಇಳಿಸುವ ಕ್ರಮವನ್ನು ಕಾಗದದ ಮೇಲೆ ಬರೆದು ವಿವರಿಸಿದರು. ಎಲ್ಲ ಮುಗಿದು ಅವರು ಏಳುವಾಗ ಶ್ರೀಗಳು ಗೂಟಕ್ಕೆ ತೂಗುಹಾಕಿದ್ದ ಜೋಳಿಗೆಯನ್ನು ತೆಗೆದು ಪತಿಯ ಮುಂದೆ ಹಿಡಿದರು. “ಈಕಿ ಗುಳಿಗಿ ಬಿಡತಾಳ. ನೀವಿಬ್ಬರೂ ಏನು ಬಿಡತೀರಿ?” ಎಂದು ಕೇಳಿದರು. ಪತಿ ತಬ್ಬಿಬ್ಬಾದರು. ತಮಗೆ ಅಡಿಕೆಯ ಚಟವೂ ಇಲ್ಲವೆಂದರು. ಶ್ರೀಗಳು ಜೋಳಿಗೆಯನ್ನು ಹಿಂತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ಮಾತನಾಡಿದ್ದು ಅತ್ತೆ. “ರಾತ್ರಿ ನಮ್ಮ ಯಜಮಾನರನ್ನ ಮಗ್ಗಲಾ ಬದಲಿ ಮಾಡೂದು ಇನ್ನ ಮ್ಯಾಲೆ ಮಗಾ ಮಾಡತಾನ್ರಿ ಅಜ್ಜಾರ. ವಾರದಾಗ ಎರಡು ದಿನಾ ನಸಿಕಿನ ಒಲಿ ನಂದು” ಎಂದರು. ಮಗ ತಲೆಯಾಡಿಸಿದರು. ಶ್ರೀಗಳು ಜೋಳಿಗೆಯನ್ನು ಮಡಚಿಟ್ಟರು.

ಕಾರ್ತಿಕದಲ್ಲಿ ಆ ತಾಯಿ ದೀಪ ಹಚ್ಚಲು ಬಂದಿದ್ದರು. ಮಾತ್ರೆ ಅರ್ಧಕ್ಕೆ ಇಳಿದಿತ್ತು. ಮತ್ತೆ ಅಳು ಬರುತ್ತಿದೆ ಎಂದು ಹೇಳಿದರು. ಅತ್ತೆ ಆಗ ಅಡುಗೆಮನೆಯಿಂದ ಹೊರಗೆ ಕಳಿಸಿ ತಾವೇ ರೊಟ್ಟಿ ಬಡಿಯುತ್ತಾರಂತೆ.

ಈ ವರ್ಷದ ಶ್ರಾವಣದ ಪಾದಯಾತ್ರೆಯ ವ್ಯವಸ್ಥೆಯನ್ನು ಶ್ರೀಗಳ ಅಪ್ಪಣೆಯ ಮೇರೆಗೆ ಸ್ವಲ್ಪ ಬದಲಿಸಲಾಗಿದೆ. ಗುಟಕಾ, ಬೀಡಿ, ತಂಬಾಕುಗಳನ್ನು ಎಂದಿನಂತೆ ಜೋಳಿಗೆಗೆ ಹಾಕಬಹುದು. ದಿನವೂ ಮದ್ಯ ಸೇವಿಸುತ್ತಿದ್ದವರು, ಬೆಳಿಗ್ಗೆ ಎದ್ದರೆ ಕೈ ನಡುಗುವವರು ಪ್ರಮಾಣ ಮಾಡುವ ಮೊದಲು ನಮ್ಮೊಂದಿಗಿರುವ ವೈದ್ಯರನ್ನು ಕಾಣಬೇಕು. ನಿದ್ದೆಯ, ಆತಂಕದ ಮಾತ್ರೆಗಳನ್ನು ದಯವಿಟ್ಟು ಜೋಳಿಗೆಗೆ ಹಾಕಬೇಡಿ, ತಾವಾಗಿ ನಿಲ್ಲಿಸಲೂ ಬೇಡಿ. ಸ್ಟ್ರಿಪ್ಪನ್ನು ಕೈಯಲ್ಲಿಯೇ ಹಿಡಿದು ದಾಸೋಹ ಮನೆಯ ಪಕ್ಕದ ಕೋಣೆಗೆ ಬನ್ನಿ. ಮಠಕ್ಕೆ ಬರಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಶುಲ್ಕವಿಲ್ಲ. ಬರುವವರು ಮನೆಯವರನ್ನೂ ಜೊತೆಗೆ ಕರೆತರಬೇಕೆಂದು ಶ್ರೀಗಳು ವಿಶೇಷವಾಗಿ ತಿಳಿಸಿದ್ದಾರೆ. ಜೋಳಿಗೆ ಅವರ ಮುಂದೆಯೂ ಬರುತ್ತದೆ.